ಹೆಂಜೇರಿಗೆ ಒಂದು ಬೆಳಗಿನ ಯಾತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಮೂವತ್ತಾರು ವರ್ಷಗಳ ಕಾಲ ಮಡಕಶಿರಾ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದು ಪರೀಕ್ಷೆಯಲ್ಲಿ ಕೇಳಿ ಐದು ಅಂಕಗಳನ್ನೂ ಕೊಟ್ಟಿದ್ದೇವೆ. ಅದೇ ಪ್ರಶ್ನೆಯನ್ನು ಯಾರಾದರೂ ನಮಗೆ ಕೇಳಿದ್ದರೆ ಎಷ್ಟು ಅಂಕ ಬರುತ್ತಿತ್ತೆಂಬುದು, ಎಂಬತ್ತರ ಹೊಸ್ತಿಲಲ್ಲಿ ನಿಂತಿರುವ ನಮಗೆ, ಕಳೆದ ಮಾಘಮಾಸದ ಒಂದು ಮುಂಜಾವಿನಲ್ಲಿ ತಿಳಿದುಬಂದಿತು. ಅದನ್ನೇ ಇಲ್ಲಿ ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ರಾಯದುರ್ಗದಲ್ಲಿರುವ ನಮ್ಮ ತಂಗಿಯ ಮಗ ಜಪಾನ್ ದೇಶದ ಓಸಾಕಾ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ತಪ್ಪದೆ ಮಡಕಶಿರೆಗೂ ಬಂದು ಎರಡು ದಿನ ನಮ್ಮಲ್ಲಿ ಇದ್ದು ಹೋಗುವುದು ಅವನ ವಾಡಿಕೆ. ಈ ಸಲ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಡನೆ ಬಂದಿದ್ದ. ರಾತ್ರಿ ಮುದ್ದೆಯ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಕ್ಯೋಟೋ ನಗರವನ್ನು ನೋಡಿದ ಕಥೆಯನ್ನು ತೆಗೆದ.

“ಮಾವ, ಆ ಊರನ್ನು ನೋಡಬೇಕಾದರೆ ಬೆಳಗಿನ ಜಾವವೇ ನೋಡಬೇಕು. ಹತ್ತು ಗಂಟೆಯಾದರೆ ಕಾಲಿಡಲು ಜಾಗವಿರದು. ನಾವು ಕತ್ತಲೆಯಲ್ಲೇ ಹೊರಟೆವು. ಮಾರ್ಗದರ್ಶಿಯೊಬ್ಬಳು ಕೈಯಲ್ಲಿ ಒಂದು ಪುಟ್ಟ ಪತಾಕೆಯನ್ನು ಹಿಡಿದು ಮುಂದೆ ನಡೆದಳು. ಆರು ಗಂಟೆಗೆಲ್ಲ ಕಿಯೋಮಿಜು ದೇವಾಲಯದ ಬಾಗಿಲು ತೆರೆಯುತ್ತದೆ. ಅದರ ಮರದ ಜಗಲಿಯ ಮೇಲೆ ನಿಂತರೆ ಕೆಳಗೆ ಇಡೀ ಊರು ಮಂಜಿನಲ್ಲಿ ಮಲಗಿರುತ್ತದೆ. ಇಳಿದು ಬರುವಾಗ ಬೀದಿಯ ಮುದುಕಿಯರು ತಮ್ಮತಮ್ಮ ಬಾಗಿಲ ಮುಂದೆ ಕಸ ಗುಡಿಸಿ ನೀರು ಚಿಮುಕಿಸುತ್ತಿದ್ದರು. ಪಕ್ಕದ ಮನೆಯ ಮುಂದೆಯೂ ಒಂದಿಷ್ಟು ಗುಡಿಸಿಬಿಡುವುದು ಅಲ್ಲಿನ ಪದ್ಧತಿಯಂತೆ. ಅದನ್ನು ಕಂಡಾಗ ನನಗೆ ರಾಯದುರ್ಗದ ನಮ್ಮ ಬೀದಿ, ಅಮ್ಮ ಅಂಗಳ ಸಾರಿಸಿ ರಂಗವಲ್ಲಿ ಇಡುವುದು ನೆನಪಾಯಿತು.”

ಕ್ಯೋಟೋ ನಗರವು ಕ್ರಿ.ಶ. 794ರಲ್ಲಿ ಜಪಾನಿನ ರಾಜಧಾನಿಯಾಯಿತೆಂದೂ, ಸಾವಿರ ವರ್ಷಗಳಿಗೂ ಮೀರಿ ಚಕ್ರವರ್ತಿಗಳ ನಿವಾಸವಾಗಿತ್ತೆಂದೂ ಅವನು ಹೇಳಿದ. 1945ರಲ್ಲಿ ಅಣುಬಾಂಬು ಹಾಕಬೇಕಾದ ಊರುಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತಂತೆ. ಅಮೆರಿಕದ ಯುದ್ಧಮಂತ್ರಿಯಾಗಿದ್ದ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿಹಾಕಿದ. 1994ರಲ್ಲಿ ಆ ಊರಿನ ಪ್ರಾಚೀನ ಸ್ಥಳಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಕೇಳುತ್ತ ಕೇಳುತ್ತ ನಮಗೆ ಸಂತೋಷದೊಡನೆ ಒಂದಿಷ್ಟು ಮತ್ಸರವೂ ಉಂಟಾಯಿತೆಂದು ಒಪ್ಪಿಕೊಳ್ಳಬೇಕು. “ಎಲ್ಲ ಸರಿಯಪ್ಪ, ನೀನು ಹೆಂಜೇರನ್ನು ನೋಡಿದ್ದೀಯೋ?” ಎಂದು ಕೇಳಿಯೇಬಿಟ್ಟೆವು.

“ಅದೆಲ್ಲಿದೆ ಮಾವ?”

“ಇಲ್ಲೇ, ಅಮರಾಪುರದ ಆಚೆ. ಈಗ ಹೇಮಾವತಿ ಎನ್ನುತ್ತಾರೆ. ನಿನ್ನ ಕ್ಯೋಟೋ ರಾಜಧಾನಿಯಾದ ಕಾಲದಲ್ಲೇ ತಲೆಯೆತ್ತಿದ ನೊಳಂಬರ ರಾಜಧಾನಿ ಅದು.”

ಒಳಗಿನಿಂದ ನಮ್ಮ ಮನೆಯವರ ದನಿ ಕೇಳಿಸಿತು: “ಹೇಳುವವರು ಎಷ್ಟು ಸಲ ನೋಡಿದ್ದಾರೆ ಅಂತ ಅದನ್ನೂ ಕೇಳಪ್ಪ!”

ಉತ್ತರ ಹೇಳಲು ನಮಗೆ ಸಂಕೋಚವಾಯಿತು. ಎರಡೇ ಸಲ. ಒಮ್ಮೆ ಮದುವೆಯ ದಿಬ್ಬಣದ ಜೊತೆಯಲ್ಲಿ, ಇನ್ನೊಮ್ಮೆ ಶಿವರಾತ್ರಿಯ ಜಾತ್ರೆಯಲ್ಲಿ. ಎರಡು ಸಲವೂ ದೇವರಿಗೆ ಕೈಮುಗಿದು ಪ್ರಸಾದ ತೆಗೆದುಕೊಂಡು ಬಂದದ್ದಷ್ಟೇ, ಊರನ್ನು ನೋಡಿರಲಿಲ್ಲ. ಮಾನ ಉಳಿಸಿಕೊಳ್ಳಲು ಒಂದೇ ದಾರಿಯಿತ್ತು. “ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಏಳಬೇಕು. ನಾವೇ ನಿಮಗೆ ಮಾರ್ಗದರ್ಶಿ” ಎಂದು ಘೋಷಿಸಿದೆವು.

ಆ ರಾತ್ರಿ ನಿದ್ರೆ ಬಾರದೆ ನಮಗೆ ತಂದೆಯವರ ನೆನಪು ಬಂತು. ನಾವು ಹುಟ್ಟಿದ್ದು ರಾಯದುರ್ಗದಲ್ಲಿ, ಕೋಟೆಯ ಬೆಟ್ಟದ ಬುಡದಲ್ಲಿ. ವರ್ಷಕ್ಕೆರಡು ಬಾರಿಯಾದರೂ ತಂದೆಯವರು ನಮ್ಮನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿ ಬೆಟ್ಟ ಹತ್ತಿಸುತ್ತಿದ್ದರು. ದಶಭುಜ ಗಣಪತಿಗೆ ಕೈಮುಗಿದು ಹೊರಟರೆ, ಬಿಸಿಲೇರುವಷ್ಟರಲ್ಲಿ ಬುರುಜುಗಳನ್ನೂ ದೇಗುಲಗಳನ್ನೂ ಜೈನಸಿದ್ಧರ ಗುಹೆಗಳನ್ನೂ ತೋರಿಸಿ ಇಳಿಸುತ್ತಿದ್ದರು. ಅವರು ಹೆಚ್ಚು ಓದಿದವರಲ್ಲ. ಅವರಿಗೆ ಅವರ ತಂದೆ ತೋರಿಸಿದ್ದರು, ಅಷ್ಟೇ.

1953ರ ಅಕ್ಟೋಬರ್ ಒಂದನೆಯ ತಾರೀಖು ಆಂಧ್ರರಾಜ್ಯ ಸ್ಥಾಪನೆಯಾದಾಗ ನಮಗೆ ಎಂಟು ವರ್ಷ. ಅದರ ಹಿಂದಿನ ರಾತ್ರಿ ನಾವು ಮಲಗಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಎದ್ದದ್ದು ಅನಂತಪುರ ಜಿಲ್ಲೆಯಲ್ಲಿ. ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆ ದಿನಗಳಲ್ಲೇ ಒಂದು ಬೆಳಗ್ಗೆ ತಂದೆಯವರು ನಮ್ಮನ್ನು ಬೆಟ್ಟದ ಮೇಲೆ ನಿಲ್ಲಿಸಿ ಬಳ್ಳಾರಿಯ ಕಡೆಯ ಎರೆಭೂಮಿಯನ್ನು ತೋರಿಸುತ್ತ, “ಗೆರೆ ಎಲ್ಲಾದರೂ ಕಾಣಿಸುತ್ತದೆಯೇನೋ ನೋಡು” ಎಂದರು. ನಾವು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದೆವು. ಕಾಣಿಸಲಿಲ್ಲ.

ಮುಂದೆ ಉದ್ಯೋಗನಿಮಿತ್ತ ಮಡಕಶಿರೆಗೆ ಬಂದು ಇಲ್ಲೇ ನೆಲೆಸಿದೆವು. ಒಂದೇ ಜಿಲ್ಲೆಯವರಾಗಿದ್ದ ನಾವೂ ತಂಗಿಯೂ 2022ರ ಏಪ್ರಿಲ್‌ನಲ್ಲಿ ಮತ್ತೆ ಬೇರೆ ಬೇರೆ ಜಿಲ್ಲೆಯವರಾದೆವು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಯಲ್ಲಿ ಬಾಳುವವರಿಗೆ ಇವೆಲ್ಲ ಅಭ್ಯಾಸವಾಗಿಬಿಡುತ್ತವೆ.

ಮರುದಿನ ನಾಲ್ಕೂವರೆಗೆ ಹೊರಟೆವು. ಮನೆಯವರು ಚಿತ್ರಾನ್ನ, ಮೊಸರನ್ನದ ಡಬ್ಬಿಗಳನ್ನೂ ಕಾಫಿಯ ಫ್ಲಾಸ್ಕನ್ನೂ ಕಟ್ಟಿಕೊಂಡು ಕಾರಿನಲ್ಲಿ ಕುಳಿತರು. ನಮ್ಮ ಜೇಬಿನಲ್ಲಿ ರಾತ್ರಿಯೆಲ್ಲ ಟಿಪ್ಪಣಿ ಬರೆದುಕೊಂಡ ಪುಸ್ತಕವಿತ್ತು. ದಾರಿಯಲ್ಲಿ ಅಳಿಯನ ಮೊಬೈಲ್ ಫೋನು ಒಮ್ಮೆ ಆಂಧ್ರಪ್ರದೇಶಕ್ಕೂ ಒಮ್ಮೆ ಕರ್ನಾಟಕಕ್ಕೂ ಸ್ವಾಗತವನ್ನು ಕೋರುತ್ತಿತ್ತು. “ನಾವು ಈಗ ಯಾವ ರಾಜ್ಯದಲ್ಲಿದ್ದೇವೆ ತಾತ?” ಎಂದು ಮಗು ಕೇಳಿತು. “ಕಾರು ನಮ್ಮ ರಾಜ್ಯದಲ್ಲೇ ಇದೆ ಮಗು, ಫೋನು ಮಾತ್ರ ಹೋಗಿಬರುತ್ತಿದೆ” ಎಂದೆವು. ಕಡಲೆಕಾಯಿಯ ಒಣ ಹೊಲಗಳು ಕಳೆದು, ಅಮರಾಪುರದ ಕಡೆಯ ಅಡಿಕೆ ತೋಟಗಳ ತಂಪು ಮುಖಕ್ಕೆ ತಾಗಿದಾಗ ಮೂಡಲು ಕೆಂಪಾಗುತ್ತಿತ್ತು.

ಹೇಮಾವತಿಯಲ್ಲಿ ಇಳಿದಾಗ ಊರಿನ್ನೂ ಪೂರ್ಣವಾಗಿ ಎಚ್ಚೆತ್ತಿರಲಿಲ್ಲ. ಸಿದ್ಧೇಶ್ವರನ ಗುಡಿಯ ಬಾಗಿಲು ಮುಚ್ಚಿತ್ತು, ಪೂಜಾರಿಗಳು ಬರಬೇಕಾಗಿತ್ತು. ಅಂಗಳದಲ್ಲಿ ವೃದ್ಧೆಯೊಬ್ಬರು ಬಗ್ಗಿ ಕಸ ಗುಡಿಸುತ್ತಿದ್ದರು. ನಾವು ಟಿಪ್ಪಣಿಯ ಪುಸ್ತಕವನ್ನು ತೆರೆದು, ಗಂಟಲು ಸರಿಪಡಿಸಿಕೊಂಡು ಪಾಠವನ್ನು ಆರಂಭಿಸಿದೆವು.

ನೊಳಂಬರು ತಮ್ಮನ್ನು ಪಲ್ಲವ ಕುಲದವರೆಂದು ಕರೆದುಕೊಂಡವರು. ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ, ಗಂಗರು, ರಾಷ್ಟ್ರಕೂಟರು, ಚಾಲುಕ್ಯರು, ಚೋಳರು ಎಂಬ ದೊಡ್ಡವರ ನಡುವೆ ಸಿಕ್ಕಿಕೊಂಡೂ ತಲೆಯೆತ್ತಿ ಬಾಳಿದ ಅರಸುಮನೆತನ. ಅವರ ನಾಡು ‘ನೊಳಂಬವಾಡಿ ಮೂವತ್ತೆರಡು ಸಾಸಿರ’ ಎಂದು ಪ್ರಖ್ಯಾತವಾಗಿತ್ತು. ಒಂಬತ್ತನೆಯ ಶತಮಾನದ ಉತ್ತರಾರ್ಧದ ಮಹೇಂದ್ರನು ಬಾಣರನ್ನು ಮುರಿದು ನೊಳಂಬರ ಕೀರ್ತಿಯನ್ನು ಏರಿಸಿದನು. ಕೊನೆಗೆ ಅವನನ್ನು ಕೊಂದ ಗಂಗರ ಅರಸನು ‘ಮಹೇಂದ್ರಾಂತಕ’ ಎಂಬ ಬಿರುದನ್ನು ಧರಿಸಿದನು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ‘ನೊಳಂಬಕುಲಾಂತಕ’ ಎನಿಸಿಕೊಂಡನು. ಅನಂತರ ಚೋಳರು ಬಂದು ಈ ನಾಡಿನ ಹೆಸರನ್ನೇ ‘ನಿಗರಿಲಿಚೋಳಪಾಡಿ’ ಎಂದು ಬದಲಾಯಿಸಿದರು...

ಇಷ್ಟು ಹೇಳುವಷ್ಟರಲ್ಲಿ ಮಗು ಎರಡು ಸಲ ಆಕಳಿಸಿತು. ಅಳಿಯ ವಿನಯದಿಂದ ಕೇಳುತ್ತಿದ್ದನಾದರೂ ಕಣ್ಣು ಬೇರೆ ಕಡೆಗಿತ್ತು. ತರಗತಿ ಕೈತಪ್ಪುತ್ತಿರುವ ಲಕ್ಷಣವನ್ನು ಬಲ್ಲ ನಮಗೆ ಬೆವರು ಬಂದಿತು.

ಆಗ ಆ ವೃದ್ಧೆಯೇ ಪೊರಕೆಯನ್ನು ಹಿಡಿದುಕೊಂಡೇ ಹತ್ತಿರ ಬಂದು, “ಯಾವೂರ್ ಮಗ ಇದು?” ಎಂದು ಕೇಳಿದರು. ಜಪಾನೆಂದಾಗ ಬೆರಗಾಗಲಿಲ್ಲ. “ದೂರದಿಂದ ಬಂದೈತೆ, ಹಿಂಗೆ ಬಿಸ್ಲಲ್ಲಿ ನಿಲ್ಸಿ ಹರಿಕಥೆ ಮಾಡ್ತೀರಲ್ಲ ಸ್ವಾಮಿ! ಬಾ ಮಗ, ನಾನ್ ತೋರಿಸ್ತೀನಿ” ಎಂದು ಮಗುವಿನ ಕೈ ಹಿಡಿದು ಹೊರಟೇಬಿಟ್ಟರು. ಕ್ಯೋಟೋದ ಮಾರ್ಗದರ್ಶಿಯ ಕೈಯಲ್ಲಿ ಪತಾಕೆಯಿತ್ತು. ಹೆಂಜೇರಿನ ಮಾರ್ಗದರ್ಶಿಯ ಕೈಯಲ್ಲಿ ಪೊರಕೆ. ನಾವೆಲ್ಲರೂ ಆ ಪೊರಕೆಯ ಹಿಂದೆ ನಡೆದೆವು.

ದೊಡ್ಡೇಶ್ವರನ ಗುಡಿಯ ಮುಂದಿನ ದೊಡ್ಡ ನಂದಿಯನ್ನು ಮೊದಲು ತೋರಿಸಿದರು. ಅದರ ಬೆನ್ನಿನ ಮೇಲೆ ಆಗತಾನೇ ಎಳೆಬಿಸಿಲು ಬಿದ್ದು ಕಪ್ಪು ಕಲ್ಲು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬಳಿಕ ಗೋಡೆಯ ಜಾಲಂಧ್ರಗಳ ಬಳಿಗೆ ಕರೆದೊಯ್ದರು. ಒಂದೊಂದು ಕಿಟಕಿಯೂ ಬಳ್ಳಿಯ ಸುರುಳಿಗಳಂತೆ ಕೊರೆದ ಕಲ್ಲು. ಸುರುಳಿಗಳ ನಡುವೆ ದೇವತೆಗಳು. “ಗಾಳಿ ಒಳಕ್ಕೆ ಹೋಗ್ಬೇಕು, ದೇವ್ರೂ ಕಾಣ್ಬೇಕು. ಹಂಗೆ ಮಾಡವ್ರೆ ನೋಡು” ಎಂದರು. ಜಾಲಂಧ್ರದ ಪ್ರಯೋಜನವನ್ನೂ ಸೌಂದರ್ಯವನ್ನೂ ಒಟ್ಟಿಗೆ ಇಷ್ಟು ಸುಲಭವಾಗಿ ನಮ್ಮ ಟಿಪ್ಪಣಿಯ ಪುಸ್ತಕವು ಹೇಳಿರಲಿಲ್ಲ.

ಸುತ್ತ ಸಾಲಾಗಿ ಇಟ್ಟಿದ್ದ ಒಡೆದ ಮೂರ್ತಿಗಳನ್ನು ಮಗು ಮುಟ್ಟಿ ಮುಟ್ಟಿ ನೋಡಿತು. “ಇವು ಯಾಕೆ ಹೀಗಿವೆ ಅಜ್ಜಿ?” “ಇದು ಪಟ್ಣ ಆಗಿತ್ತಂತೆ ಮಗ. ನಮ್ಮತ್ತೆ ಹೇಳೋರು, ಇಲ್ಲಿ ಎಲ್ಲಿ ನೇಗ್ಲು ಹೂಡಿದ್ರೂ ಕಲ್ಲು ತಗುಲ್ತಿತ್ತಂತೆ.” ಅಷ್ಟೇ ಹೇಳಿ ಆಕೆ ಒಂದು ಮೂರ್ತಿಯ ಪಾದದ ಮೇಲೆ ಬಿದ್ದಿದ್ದ ಒಣಗಿದೆಲೆಗಳನ್ನು ಪೊರಕೆಯಿಂದ ಮೆಲ್ಲಗೆ ಸರಿಸಿದರು.

ಇಲ್ಲಿದ್ದುದೆಲ್ಲ ಇಲ್ಲಿ ಉಳಿದಿಲ್ಲ. ನೊಳಂಬರ ಕೆತ್ತನೆಯ ಕಂಬಗಳನ್ನು ಚೋಳರು ಗೆಲುವಿನ ಗುರುತಾಗಿ ಕಾವೇರಿ ತೀರದ ತಿರುವೈಯಾರಿಗೆ ಸಾಗಿಸಿದರು; ಅಲ್ಲಿನ ಶಿವಾಲಯದಲ್ಲಿ ಅವು ಇಂದಿಗೂ ನಿಂತಿವೆ. ಇನ್ನೂ ಹಲವು ಶಿಲ್ಪಗಳು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು, ವಿದ್ವಾಂಸ ಸಿ. ಶಿವರಾಮಮೂರ್ತಿಯವರು ಅವುಗಳ ಮೇಲೆ ಒಂದು ಗ್ರಂಥವನ್ನೇ ರಚಿಸಿದ್ದಾರೆ. ಕ್ಯೋಟೋವನ್ನು ಪಟ್ಟಿಯಿಂದ ತೆಗೆಸಲು ಒಬ್ಬನಿದ್ದ. ಹೆಂಜೇರಿಗೆ ಅಂಥವನೊಬ್ಬ ಇರಲಿಲ್ಲ. ಆದರೆ ಉಳಿದದ್ದು ಕಡಮೆಯಲ್ಲ. ತುಸು ಹೊತ್ತಿನಲ್ಲಿ ಪೂಜಾರಿಗಳು ಬಂದು ಬಾಗಿಲು ತೆರೆದರು. ಗರ್ಭಗುಡಿಯಲ್ಲಿ ಲಿಂಗವಲ್ಲ, ಮನುಷ್ಯಾಕಾರದಲ್ಲಿ ಕುಳಿತ ಶಿವ. ಹೀಗೆ ಪೂಜೆಗೊಳ್ಳುವ ಶಿವಮೂರ್ತಿ ಅಪರೂಪ. ಶಾಸ್ತ್ರದಲ್ಲಿ ಅವನು ಸಿದ್ಧೇಶ್ವರ. ಜನರ ಬಾಯಲ್ಲಿ ಹೆಂಜೇರಪ್ಪ. ಊರು ತನ್ನ ಹೆಸರನ್ನು ಮರೆತರೂ ದೇವರು ಮರೆಯದೆ ಇಟ್ಟುಕೊಂಡಿದ್ದಾನೆ.

ಮಂಗಳಾರತಿಯಾಗಿ ಹೊರಬಂದಾಗ ಮಗು ಒಂದು ಕಲ್ಲಿನ ಮುಂದೆ ನಿಂತಿತು. ಸಾಲುಸಾಲಾಗಿ ಅಕ್ಷರಗಳು.

“ತಾತ, ಇದರಲ್ಲಿ ಏನು ಬರೆದಿದೆ?”

ಕನ್ನಡಕ ಒರೆಸಿಕೊಂಡು ನೋಡಿದೆವು. ‘ಸ್ವಸ್ತಿ ಶ್ರೀ’ ಎಂಬಷ್ಟು ತಿಳಿಯಿತು. ಮುಂದೆ ಒಂದು ‘ಗ’, ಒಂದು ‘ರ’, ಒಂದು ‘ನ’. ಅಷ್ಟೇ.

“ಇದು ಯಾವ ಭಾಷೆ ತಾತ?”

“ಕನ್ನಡ.”

“ನೀವು ಕನ್ನಡ ಮೇಷ್ಟ್ರಲ್ಲವೇ?”

ಮಗುವಿನ ದನಿಯಲ್ಲಿ ಅಣಕವಿರಲಿಲ್ಲ. ಅದಕ್ಕೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದು ಓದುವ ದೇಶದಲ್ಲಿ ಮೂರು ಬಗೆಯ ಅಕ್ಷರಗಳನ್ನು ಕಲಿಯಬೇಕು. ಆರನೆಯ ತರಗತಿ ಮುಗಿಯುವುದರೊಳಗೆ 1,026 ಚಿತ್ರಾಕ್ಷರಗಳನ್ನು ಮಕ್ಕಳು ಬಲ್ಲವರಾಗಬೇಕು. ಅಂಥ ಮಗುವಿಗೆ, ತನ್ನ ಭಾಷೆಯ ಕಲ್ಲನ್ನು ಓದಲಾರದ ಮೇಷ್ಟರು ವಿಚಿತ್ರವಾಗಿ ಕಂಡರೆ ತಪ್ಪೇನು?

ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆವು. ಮೂವತ್ತಾರು ವರ್ಷಗಳ ಲೆಕ್ಕ ಕಣ್ಣಮುಂದೆ ಬಂದಿತು. ಈ ಊರಿನಿಂದ ಎರಡು ಗಂಟೆಯೊಳಗಿನ ದಾರಿಯಲ್ಲೇ ಇದ್ದ ಶಾಲೆಗಳಲ್ಲಿ ನಾವು ಪಾಠ ಮಾಡಿದೆವು. ಹಂಪೆಗೆ, ಮೈಸೂರಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದೆವು. ಹೆಂಜೇರಿಗೆ ಒಂದು ತರಗತಿಯನ್ನೂ ಕರೆತರಲಿಲ್ಲ. ತಡೆದವರು ಯಾರೂ ಇರಲಿಲ್ಲ. ನಮಗೇ ತೋಚಲಿಲ್ಲ.

ಅದಕ್ಕಿಂತ ದೊಡ್ಡದೊಂದು ಇದೆ. ಅದನ್ನೂ ಹೇಳಿಬಿಡುವುದು ಒಳ್ಳೆಯದು. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ನಾವು ನಮ್ಮ ಮಗನನ್ನು ಕನ್ನಡ ಶಾಲೆಗೆ ಸೇರಿಸಲಿಲ್ಲ. ಉದ್ಯೋಗಕ್ಕೆ ತೆಲುಗು ಬೇಕು, ಇಂಗ್ಲಿಷ್ ಬೇಕು ಎಂದು ಲೆಕ್ಕ ಹಾಕಿದೆವು. ಲೆಕ್ಕ ಸುಳ್ಳಾಗಲಿಲ್ಲ, ಹೈದರಾಬಾದಿನಲ್ಲಿ ಅವನು ಸುಖವಾಗಿದ್ದಾನೆ. ಆದರೆ ನಾವು ಬರೆದ ಕಾಗದಗಳನ್ನು ನಮ್ಮ ಮೊಮ್ಮಕ್ಕಳು ಓದಲಾರರು. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಕಡೆಯಾಗಲಿ, ರಾಯದುರ್ಗ, ಡಿ. ಹಿರೇಹಾಳು, ಬೊಮ್ಮನಹಾಳುಗಳ ಕಡೆಯಾಗಲಿ ಕನ್ನಡ ಮನೆಗಳಲ್ಲಿ ಈ ಲೆಕ್ಕವನ್ನು ಹಾಕದ ತಂದೆತಾಯಿಗಳು ವಿರಳ. ಅವರನ್ನು ದೂರುವ ಹಕ್ಕು ನಮಗಿಲ್ಲ. ಅವರಿಗೆ ಈ ಲೆಕ್ಕ ಕಲಿಸಿದ ಮೇಷ್ಟರುಗಳಲ್ಲಿ ನಾವೂ ಒಬ್ಬರು.

ಇದು ತೆಲುಗಿನ ಮೇಲಿನ ಮುನಿಸಿನ ಮಾತಲ್ಲವೆಂದು ವಾಚಕರು ತಿಳಿಯಬೇಕು. ಅನಂತಪುರ ಜಿಲ್ಲೆಯಲ್ಲೇ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ತೆಲುಗಿನ ಮಹಾವಿದ್ವಾಂಸರಾಗಿಯೂ ಮೈಸೂರಿನಲ್ಲಿ ದಶಕಗಳ ಕಾಲ ಬಾಳಿ ಎರಡು ಭಾಷೆಗಳಿಗೂ ಬೇಕಾದವರಾಗಿದ್ದರು. ಅಷ್ಟೇಕೆ, ನೊಳಂಬರ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿಯೇ ಒಂದು. ನಾವು ಓದಲಾರದೆ ಕುಳಿತ ಆ ಕಲ್ಲಿನ ಮಾತು ಕನ್ನಡದ್ದಾದರೂ, ಅಕ್ಷರಗಳು ಎರಡು ಭಾಷೆಗಳ ಮಕ್ಕಳಿಗೂ ಅಜ್ಜನ ಅಕ್ಷರಗಳು. ತೆಲುಗು ಶಾಲೆಯಲ್ಲಿ ಕಲಿತ ನಮ್ಮ ಮೊಮ್ಮಗನೂ ಅದರ ಮುಂದೆ ನಿಂತರೆ ಪೂರಾ ಪರಕೀಯನಲ್ಲ. ಕರೆತಂದು ನಿಲ್ಲಿಸುವವರು ಬೇಕು.

ಓದಿದವರೂ ಇಲ್ಲದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲು ಅಚ್ಚುಮಾಡಿಸಿದ ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳನ್ನು ಸಂಪಾದಿಸಿ, ಅವು 1939ರಲ್ಲಿ ಪ್ರಕಟವಾದವು. ಬಳ್ಳಾರಿ, ಅನಂತಪುರಗಳ ಕಲ್ಲುಗಳೆಲ್ಲ ಅದರಲ್ಲಿ ಮಾತನಾಡುತ್ತವೆ. ವಿದ್ವಾಂಸರು ತಮ್ಮ ಪಾಲಿನದನ್ನು ಮಾಡಿ ಹೋದರು. ಮನೆಮನೆಗೆ ಹೇಳಬೇಕಾದ ಮೇಷ್ಟರುಗಳ ಪಾಲು ಬಾಕಿ ಉಳಿಯಿತು.

ಇತ್ತ ಮಗು ಸುಮ್ಮನೆ ಕುಳಿತಿರಲಿಲ್ಲ. ತನ್ನ ಪುಸ್ತಕವನ್ನು ತೆಗೆದು, ಕಲ್ಲಿನ ಮೊದಲ ಸಾಲನ್ನು ನೋಡಿ ನೋಡಿ ಚಿತ್ರ ಬರೆಯುವಂತೆ ಬರೆದುಕೊಳ್ಳುತ್ತಿತ್ತು. ಪೊರಕೆಯ ಅಜ್ಜಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. “ನಂಗೂ ಓದಕ್ ಬರಲ್ಲ ಮಗ. ಧೂಳು ಕೂರದಂಗೆ ನೋಡ್ಕೊಂತೀನಿ ಅಷ್ಟೇಯ” ಎಂದರು. ಆ ಮಾತು ನಮ್ಮ ಎದೆಗೆ ನಾಟಿತು. ಓದುಬಾರದ ಆಕೆ ತನ್ನಿಂದ ಆಗುವುದನ್ನು ದಿನವೂ ಮಾಡಿದ್ದರು.

ಅಡಿಕೆ ತೋಟದ ಅಂಚಿನಲ್ಲಿ ಕುಳಿತು ಎಲ್ಲರೂ ಚಿತ್ರಾನ್ನ ತಿಂದೆವು. ಆಕೆಗೂ ಒಂದು ಪಾಲು. ಅಳಿಯ ಒಂದು ನೋಟನ್ನು ಕೊಡಲು ಹೋದಾಗ ಆಕೆ ತೆಗೆದುಕೊಳ್ಳಲಿಲ್ಲ. “ದೇವ್ರ ಹುಂಡೀಗ್ ಹಾಕಪ್ಪ” ಎಂದರು. ನೊಳಂಬವಾಡಿಯಾಗಿ, ಚೋಳಪಾಡಿಯಾಗಿ, ಹೊಯ್ಸಳರದಾಗಿ, ವಿಜಯನಗರದ್ದಾಗಿ, 1800ರಲ್ಲಿ ನಿಜಾಮನಿಂದ ಕಂಪನಿಗೆ ದತ್ತವಾಗಿ, ಬಳ್ಳಾರಿ ಜಿಲ್ಲೆಯಾಗಿ, 1882ರಿಂದ ಅನಂತಪುರವಾಗಿ, ಈಗ ಮತ್ತೊಂದು ಜಿಲ್ಲೆಯಾದ ನೆಲದ ಮೇಲೆ ಕುಳಿತು ಆ ತಾಯಿ ಆಡಿದ್ದು ಅಚ್ಚ ಕನ್ನಡವನ್ನು. ಬಾಯಲ್ಲಿರುವ ಕನ್ನಡಕ್ಕೆ ಇಲ್ಲಿ ಭಯವಿಲ್ಲ. ಕಣ್ಣಿಗೆ ಕಾಣುವ ಕನ್ನಡಕ್ಕೆ ಭಯವಿದೆ.

ಅಂದು ರಾತ್ರಿ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಬರೆದುಕೊಡೆಂದು ಕೇಳಿತು. ಬರೆದುಕೊಟ್ಟೆವು. ಕಲ್ಲಿನಿಂದ ಎತ್ತಿಕೊಂಡಿದ್ದ ಸಾಲಿನ ಕೆಳಗೆ ಅದನ್ನೂ ನಕಲು ಮಾಡಿ, ಎರಡರಲ್ಲೂ ಇದ್ದ ‘ನ’ಕಾರಕ್ಕೆ ಸುತ್ತು ಹಾಕಿ, “ಇದು ಅದೇ ಅಲ್ಲವೇ ತಾತ?” ಎಂದಿತು. ಅದೇ ಆಗಿತ್ತು.

ಅವರು ಓಸಾಕಾಕ್ಕೆ ಹಿಂದಿರುಗಿ ತಿಂಗಳುಗಳು ಕಳೆದಿವೆ. ನಾವು ಹಳೆಯ ಲಿಪಿಯ ಒಂದು ಪಟ್ಟಿಯನ್ನು ಸಂಪಾದಿಸಿ ಗೋಡೆಗೆ ಅಂಟಿಸಿಕೊಂಡು ದಿನಕ್ಕೆ ಎರಡು ಅಕ್ಷರಗಳಂತೆ ಕಲಿಯುತ್ತಿದ್ದೇವೆ. ನೆನಪು ಮೊದಲಿನಂತಿಲ್ಲ; ನಿನ್ನೆ ಕಲಿತದ್ದನ್ನು ಇಂದು ಮರೆಯುತ್ತೇವೆ. ಇದಲ್ಲದೆ ತಿಂಗಳಿಗೊಂದು ಭಾನುವಾರ ನಮ್ಮ ಬೀದಿಯ ಮಕ್ಕಳನ್ನು, ಯಾವ ಮಾಧ್ಯಮದವರಾದರೂ ಸರಿ, ಬೆಳಗಿನ ಜಾವದ ಬಸ್ಸಿಗೆ ಹೆಂಜೇರಿಗೆ ಕರೆದೊಯ್ಯುತ್ತಿದ್ದೇವೆ. ಮೊದಲ ಸಲ ನಾಲ್ವರು ಬಂದರು. ಎರಡನೆಯ ಸಲ ಇಬ್ಬರೇ. ಹೋದ ಭಾನುವಾರ ಐವರಿದ್ದರು. ಅವರಲ್ಲಿ ಮೂವರು ತೆಲುಗು ಶಾಲೆಯವರು.

ನಾವು ತಲುಪಿದಾಗ ಅಂಗಳ ಆಗಲೇ ಗುಡಿಸಿತ್ತು. “ಇವತ್ ಏನಾದ್ರೂ ಓದ್ತೀರಾ ಮೇಷ್ಟ್ರೇ?” ಎಂದು ಆಕೆ ಕೇಳಿದರು.

“ಒಂದೂವರೆ ಸಾಲು ತಾಯಿ” ಎಂದೆವು.

“ಓದಿ ಮತ್ತೆ” ಎಂದು ಪೊರಕೆಯನ್ನು ಪಕ್ಕಕ್ಕಿಟ್ಟು ಮಕ್ಕಳ ನಡುವೆ ಕುಳಿತುಕೊಂಡರು.